ಎರಡನೇ ಕ್ವಾರ್ಟರ್‌ಬ್ಯಾಕ್‌ಗೆ ರಿಸೀವರ್ ಅಭ್ಯಾಸದಲ್ಲಿ ಗಾಯ: ಯಾಕೆ ಆಗುತ್ತೆ, ಮೈದಾನಕ್ಕೆ ವಾಪಸ್ ಹೇಗೆ?

ಪ್ಲೇನೊ_ತಂದೆ

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಕಡೆಯ ಹೈಸ್ಕೂಲಿನ ಅಮೆರಿಕನ್ ಫುಟ್‌ಬಾಲ್ ತಂಡ. ಮಗನಿಗೆ 16 ವರ್ಷ, ವಾರ್ಸಿಟಿಯಲ್ಲಿ, ಅಂದರೆ ಶಾಲೆಯ ಮುಖ್ಯ ತಂಡದಲ್ಲಿ, ಎರಡನೇ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು, ಚಿಕ್ಕದಾಗಿ ಕ್ಯೂಬಿ). ಸುಮ್ಮನೆ ಬದಿಯಲ್ಲಿ ನಿಲ್ಲೋದು ಬೇಡ ಅಂತ ಆಗಸ್ಟ್ ಕ್ಯಾಂಪಿನಲ್ಲಿ ಕೋಚ್ ಅವನನ್ನು ಸ್ಲಾಟ್ ರಿಸೀವರ್ (ಒಳಬದಿಯಿಂದ ಓಡಿ ಎಸೆತ ಹಿಡಿಯುವವರು) ಗುಂಪಿಗೂ ಸೇರಿಸಿದರು. ಮೂರನೇ ದಿನ ಸೆವೆನ್-ಆನ್-ಸೆವೆನ್‌ನಲ್ಲಿ (ಏಳೇಳು ಜನರ ಪಾಸ್ ಅಭ್ಯಾಸ) ಗೋ ರೂಟ್ (ನೇರ ಮುಂದಕ್ಕೆ ಪೂರ್ತಿ ವೇಗದ ಓಟ) ಓಡುವಾಗ ಬಲ ತೊಡೆಯ ಹಿಂದೆ ಚುರ್ ಅಂತ ಹಿಡಿದುಕೊಂಡಿದೆ. ಯಾರೂ ಮುಟ್ಟಿರಲಿಲ್ಲ. ಹುಡುಗ ಬಲಗೈಯಲ್ಲಿ ಎಸೆಯುವವನು. ಹ್ಯಾಮ್‌ಸ್ಟ್ರಿಂಗ್ ಸ್ಟ್ರೇನ್ (ತೊಡೆಯ ಹಿಂದಿನ ಸ್ನಾಯುವಿಗೆ ಎಳೆತದ ಗಾಯ), ಬಹುಶಃ ಒಂದನೇ ಗ್ರೇಡ್, ಅಂದರೆ ಎಲ್ಲಕ್ಕಿಂತ ಸಣ್ಣದು ಅಂತ ಶಾಲೆಯ ಟ್ರೇನರ್ ಹೇಳಿದ್ದಾರೆ.

ತಿಳಿದವರು ದಯವಿಟ್ಟು ಹೇಳಿ. ದಿನಾ ಓಡುವ ಹುಡುಗನಿಗೆ ಜಾಗ ಬದಲಾದ ಮೂರೇ ದಿನಕ್ಕೆ ಹೀಗೆ ಯಾಕೆ ಆಗುತ್ತೆ? ಗುಣವಾಗುವವರೆಗೆ ಚೆಂಡು ಎಸೆಯಬಹುದೇ? ಆಮೇಲೆ ರಿಸೀವರ್ ಕೆಲಸಕ್ಕೆ ಮತ್ತೆ ಕಳಿಸಬೇಕೇ, ಅಥವಾ ಕ್ವಾರ್ಟರ್‌ಬ್ಯಾಕ್ ಕೆಲಸ ಒಂದೇ ಸಾಕು ಅಂತ ಕೋಚ್ ಹತ್ತಿರ ಮಾತಾಡಬೇಕೇ?

ಟ್ರೇನರ್_ಶಿರಸಿ

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಶುರುವಾಗುವುದು ನಾವು ಕೂರುವಾಗ ಊರುವ ಮೂಳೆಯಿಂದ. 16ರ ವಯಸ್ಸಿನಲ್ಲಿ ಆ ಮೂಳೆಯ ಬೆಳವಣಿಗೆಯ ಭಾಗ ಇನ್ನೂ ಪೂರ್ತಿ ಬೆಸೆದುಕೊಂಡಿರುವುದಿಲ್ಲ. ದೊಡ್ಡವರಿಗೆ ಸ್ನಾಯು ಹರಿಯುವಂಥ ಎಳೆತಕ್ಕೆ ಈ ವಯಸ್ಸಿನವರಿಗೆ ಮೂಳೆಯ ಚೂರೇ ಕಿತ್ತುಕೊಂಡು ಬರಬಹುದು. ನೋವು ತೊಡೆಯ ನಡುವೆ ಇದೆಯೋ, ಪೃಷ್ಠದ ಕೆಳಗೆ ಮೂಳೆಯ ಮೇಲೇ ಇದೆಯೋ ಬೆರಳಿಟ್ಟು ನೋಡಿ. ಗಟ್ಟಿ ಬೆಂಚಿನ ಮೇಲೆ ಕೂರೋಕೆ ಆಗುತ್ತಿಲ್ಲ, ಓಡುವಾಗ ಟಪ್ ಅಂತ ಶಬ್ದ ಕೇಳಿತ್ತು, ಎರಡು ಮೂರು ದಿನದಲ್ಲಿ ಮಂಡಿಯ ಹಿಂದಿನವರೆಗೂ ನೀಲಿಗಟ್ಟಿದೆ: ಇದರಲ್ಲಿ ಯಾವುದಾದರೂ ಒಂದಿದ್ದರೂ ಮೂಳೆ ಡಾಕ್ಟರ ಹತ್ತಿರ ಹೋಗಿ ಸೊಂಟದ ಎಕ್ಸ್‌ರೇ ಮಾಡಿಸಿ. ಅಲ್ಲಿಯವರೆಗೆ ಸ್ಟ್ರೆಚಿಂಗ್ ಬೇಡ. ಚೂರು ಕಿತ್ತಿದ್ದರೆ ಎಳೆದಷ್ಟೂ ಅದು ಇನ್ನೂ ದೂರ ಸರಿಯುತ್ತೆ.

ಇನ್ನು ಯಾಕೆ ಆಗುತ್ತೆ ಅನ್ನೋದು. ದಿನಾ ಓಡ್ತಾನೆ ಅಂದಿರಿ, ಆದರೆ ಕ್ವಾರ್ಟರ್‌ಬ್ಯಾಕ್ ಓಡುವ ಓಟವೇ ಬೇರೆ. ಮೂರು ಹೆಜ್ಜೆ, ಐದು ಹೆಜ್ಜೆ ಹಿಂದೆ ಸರಿಯುವುದು, ಪಾಕೆಟ್ (ತನ್ನ ತಡೆಗಾರರ ಹಿಂದಿನ ಜಾಗ) ಒಳಗೆ ಅಡ್ಡಡ್ಡ ಜಾರುವುದು, ಆಗೊಮ್ಮೆ ಈಗೊಮ್ಮೆ ಬದಿಗೆ ಓಡುವ ರೋಲ್‌ಔಟ್. ಎರಡು ಗಂಟೆಯ ಅಭ್ಯಾಸದಲ್ಲಿ ಅವನು ತನ್ನ ಪೂರ್ತಿ ವೇಗ ಮುಟ್ಟುವುದೇ ಅಪರೂಪ. ಗೋ ರೂಟ್‌ನಲ್ಲಿ 30-40 ಯಾರ್ಡ್ ಪೂರ್ತಿ ವೇಗ, ಅದೂ ತಲೆ ತಿರುಗಿಸಿ ಚೆಂಡು ನೋಡುತ್ತಾ. ಪೂರ್ತಿ ವೇಗದಲ್ಲಿ ಕಾಲು ಮುಂದಕ್ಕೆ ಬೀಸಿ ಇನ್ನೇನು ನೆಲ ಮುಟ್ಟಬೇಕು ಅನ್ನುವ ಗಳಿಗೆಯಲ್ಲಿ ಹ್ಯಾಮ್‌ಸ್ಟ್ರಿಂಗ್ ಉದ್ದವಾಗುತ್ತಲೇ ಬ್ರೇಕ್ ಹಾಕಬೇಕು. ಮುಟ್ಟದೆಯೇ ಆಗುವ ಗಾಯಗಳಲ್ಲಿ ಹೆಚ್ಚಿನವು ಆಗುವುದು ಆ ಗಳಿಗೆಯಲ್ಲೇ. ಆ ಬ್ರೇಕಿಗೆ ತಯಾರಿ ಸಿಗುವುದು ಪೂರ್ತಿ ವೇಗದ ಓಟದಿಂದ ಮಾತ್ರ, ಜಾಗಿಂಗ್‌ನಿಂದ ಅಲ್ಲ. ಜೊತೆಗೆ ಟೆಕ್ಸಾಸ್ ಆಗಸ್ಟಿನ ಸೆಕೆ. ಸೆವೆನ್-ಆನ್-ಸೆವೆನ್‌ನಲ್ಲಿ ಸರದಿ ಬೇಗ ಬೇಗ ಬರುತ್ತೆ, ನಡುವೆ ಸುಧಾರಿಸಿಕೊಳ್ಳೋಕೆ ಪುರಸೊತ್ತು ಇರಲ್ಲ. ಹುಡುಗನ ತಪ್ಪೂ ಅಲ್ಲ, ಹಣೆಬರಹವೂ ಅಲ್ಲ. ಭಾರ ಒಮ್ಮೆಲೇ ಏರಿತು, ಅಷ್ಟೇ.

ವಾಪಸಾತಿಯನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬೇಡಿ. ಒಂದನೇ ಗ್ರೇಡ್ ಸಾಮಾನ್ಯವಾಗಿ ಒಂದರಿಂದ ಮೂರು ವಾರ, ಎರಡನೇ ಗ್ರೇಡ್ ನಾಲ್ಕರಿಂದ ಎಂಟು ವಾರ ಹಿಡಿಯುತ್ತೆ. ಆದರೆ ದಾಟಬೇಕಾದ ಹಂತಗಳು ಇವು:

ಮೊದಲ ಎರಡು ಮೂರು ದಿನ ಒತ್ತುಪಟ್ಟಿ, ನೋವಿಗೆ ಐಸ್, ಕುಂಟದೆ ನಡೆಯೋಕೆ ಆಗುವಷ್ಟು ನಡಿಗೆ. ಗಟ್ಟಿಯಾಗಿ ತಿಕ್ಕುವುದು ಬೇಡ.

ಕುಂಟು ಹೋದ ಮೇಲೆ ಎರಡು ಕಾಲಿನ ಬ್ರಿಡ್ಜ್ (ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು), ಆಮೇಲೆ ಒಂದು ಕಾಲಿನದು. ನೋವಿಲ್ಲದಿದ್ದರೆ ಮೆಲ್ಲನೆ ಜಾಗಿಂಗ್.

ಜಾಗಿಂಗ್ ಸಲೀಸಾದರೆ 40 ಯಾರ್ಡ್ ಓಟ, ವೇಗ ಅರ್ಧದಿಂದ ಶುರು. ನಿಧಾನವಾಗಿ ವೇಗ ಏರಿಸುವುದಕ್ಕೆ 20 ಯಾರ್ಡ್, ಇಳಿಸುವುದಕ್ಕೂ ಅಷ್ಟೇ ಜಾಗ ಕೊಡಿ. ಒಂದು ದಿನ ಬಿಟ್ಟು ಒಂದು ದಿನ. ಮಾರನೆಯ ದಿನ ಬೆಳಗ್ಗೆ ಬಿಗಿತ ಇಲ್ಲದಿದ್ದರೆ ಮಾತ್ರ ಮುಂದಿನ ವೇಗ: 60, 70, 80, 90 ಪರ್ಸೆಂಟ್. ಹುಡುಗರು ಸಾಮಾನ್ಯವಾಗಿ ಎಡವುವುದು 80ರಿಂದ 90ಕ್ಕೆ ಹೋಗುವಾಗ. 80ರಲ್ಲಿ ಏನೂ ಅನಿಸಲ್ಲ, ವಾಸಿ ಆಯ್ತು ಅಂದುಕೊಂಡು ನೇರ ಸ್ಕ್ರಿಮೇಜಿಗೆ (ಪಂದ್ಯದಂಥ ಅಭ್ಯಾಸ) ಇಳಿದುಬಿಡ್ತಾರೆ.

ಇದರ ಜೊತೆಗೆ ನಾರ್ಡಿಕ್ ವ್ಯಾಯಾಮ. ಮಂಡಿಯೂರಿ ಕೂತು, ಹಿಮ್ಮಡಿಯನ್ನು ಇನ್ನೊಬ್ಬರು ಹಿಡಿದುಕೊಂಡಿರಲು, ಮೈ ನೇರ ಇಟ್ಟುಕೊಂಡು ಮುಂದಕ್ಕೆ ನಿಧಾನ ಬಾಗುವುದು. ಶುರುವಿಗೆ ವಾರಕ್ಕೆ ಎರಡು ದಿನ, ಐದೈದರ ಎರಡು ಸುತ್ತು ಸಾಕು. ಜಾಗಿಂಗ್ ಹಂತ ದಾಟಿದ ಮೇಲೆ ಮಾತ್ರ. ಪಂದ್ಯದ ಹಿಂದಿನ ದಿನ ಮಾಡಿಸಬೇಡಿ, ಹೊಸಬರಿಗೆ ಎರಡು ದಿನ ಮೈ ಹಿಡಿದಿರುತ್ತೆ.

ಎಸೆಯುವ ವಿಚಾರ: ಬಲಗೈ ಎಸೆತಗಾರನಿಗೆ ಬಲಗಾಲು ಹಿಂದಿನ ಕಾಲು, ತಳ್ಳು ಬರುವುದು ಅಲ್ಲಿಂದ. ಆ ಕಾಲು ನೋಯುತ್ತಿದ್ದರೆ ಹುಡುಗ ತನಗೆ ಗೊತ್ತಿಲ್ಲದೆಯೇ ತಳ್ಳುವುದನ್ನು ಬಿಟ್ಟು ಭುಜದಿಂದ ಎಸೆಯೋಕೆ ಶುರು ಮಾಡ್ತಾನೆ. ಒಂದು ವಾರ ಹಾಗೆ ಮಾಡಿದರೆ ತೊಡೆ ವಾಸಿ ಆಗುವಷ್ಟರಲ್ಲಿ ಮೊಣಕೈ ಹಿಡಿದುಕೊಳ್ಳುತ್ತೆ. ಆದ್ದರಿಂದ ಮೊದಲ ವಾರ ಮಂಡಿಯೂರಿ 10-15 ಯಾರ್ಡ್ ಎಸೆತ, ದಿನಕ್ಕೆ 25-30 ಸಾಕು. ಕುಂಟದೆ ಜಾಗಿಂಗ್ ಮಾಡುವ ಹೊತ್ತಿಗೆ ನಿಂತು ಎಸೆಯಲಿ. 70 ಪರ್ಸೆಂಟ್ ಓಟ ಸಲೀಸಾದ ಮೇಲೆ ಡ್ರಾಪ್‌ಬ್ಯಾಕ್, ಅಂದರೆ ಹಿಂದೆ ಸರಿದು ಎಸೆಯುವುದು. ಓಡುತ್ತಾ ಎಸೆಯುವುದು ಎಲ್ಲಕ್ಕಿಂತ ಕೊನೆಗೆ.

ಸ್ಲಾಟ್_ಕೋಚ್

ಶಿರಸಿಯವರು ಕಾಲಿನ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಕೈಯ ವಿಷಯಕ್ಕೆ ಬರ್ತೀನಿ. ಕ್ಯೂಬಿಯನ್ನು ರಿಸೀವರ್ ಮಾಡುವಾಗ ನನಗೆ ಹ್ಯಾಮ್‌ಸ್ಟ್ರಿಂಗ್‌ಗಿಂತ ಹೆಚ್ಚು ಭಯ ಇರುವುದು ಎಸೆಯುವ ಕೈಯ ಬೆರಳಿನ ಮೇಲೆ.

ಚೆಂಡು ಎದೆಗಿಂತ ಮೇಲಿದ್ದರೆ ಹೆಬ್ಬೆರಳುಗಳು ಒಂದಕ್ಕೊಂದು ಹತ್ತಿರ, ಸೊಂಟಕ್ಕಿಂತ ಕೆಳಗಿದ್ದರೆ ಕಿರುಬೆರಳುಗಳು ಹತ್ತಿರ. ರಿಸೀವರಿಗೆ ಇದು ನಿದ್ದೆಯಲ್ಲೂ ಬರುತ್ತೆ. ಕ್ಯೂಬಿಗೆ ಬರಲ್ಲ, ಅವನು ದಿನಾ ಹಿಡಿಯುವುದು ಸ್ನ್ಯಾಪ್ (ಆಟದ ಶುರುವಿಗೆ ಸೆಂಟರ್ ಆಟಗಾರ ಹಿಂದಕ್ಕೆ ಕೊಡುವ ಚೆಂಡು) ಮಾತ್ರ. ಕೈ ತಿರುಗಿಸುವುದು ತಡವಾದರೆ ಚೆಂಡಿನ ತುದಿ ನೇರ ಬೆರಳ ತುದಿಗೆ ಬಡಿಯುತ್ತೆ. ಬೆರಳಿನ ಕೊನೆಯ ಗೆಣ್ಣು ಜೋತುಬಿದ್ದು ತಾನಾಗಿ ನೇರ ಆಗದಿದ್ದರೆ ಅದು ಮ್ಯಾಲೆಟ್ ಫಿಂಗರ್. ಪಟ್ಟಿ ಕಟ್ಟಿ ಆರರಿಂದ ಎಂಟು ವಾರ ಹಗಲೂ ರಾತ್ರಿ ನೇರ ಇಡಬೇಕು. ಸ್ನಾನ ಮಾಡುವಾಗ ಒಂದು ಸಲ ಬಾಗಿದರೂ ಎಣಿಕೆ ಮತ್ತೆ ಮೊದಲಿನಿಂದ. ಉಲ್ಟಾ, ತುದಿ ಬಾಗಿಸೋಕೇ ಆಗದಿದ್ದರೆ ಒಳಗಿನ ಸ್ನಾಯುರಜ್ಜು ಕಿತ್ತಿದೆ ಅಂತ ಅರ್ಥ. ಎದುರಾಳಿಯ ಜರ್ಸಿ ಹಿಡಿದೆಳೆಯುವಾಗ ಆಗುವ ಗಾಯ ಅದು. ಅದಕ್ಕೆ ಬಹುತೇಕ ಆಪರೇಷನ್ನೇ ಬೇಕು, ತಡ ಮಾಡಿದಷ್ಟೂ ಕಷ್ಟ, ಅದೇ ವಾರ ಕೈ ತಜ್ಞರಿಗೆ ತೋರಿಸಬೇಕು. ಬೆರಳು ಉಳುಕಿದೆ ಅಂತ ಜೊತೆಗಾರರು ಹಿಡಿದು ಎಳೆಯೋದು ಇದೆಯಲ್ಲ, ಅದಕ್ಕೆ ಮಾತ್ರ ಯಾವತ್ತೂ ಅವಕಾಶ ಕೊಡಬೇಡಿ.

ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಲೀಗ್) ತಂಡ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನ ಟೇಸಮ್ ಹಿಲ್ ಗೊತ್ತಲ್ಲ, ಕ್ಯೂಬಿ, ಟೈಟ್ ಎಂಡ್, ಸ್ಪೆಷಲ್ ಟೀಮ್ ಎಲ್ಲದರಲ್ಲೂ ಆಡಿದವರು. 2021ರ ಡಿಸೆಂಬರ್ 2ರಂದು ಡಲ್ಲಾಸ್ ಎದುರು ಕ್ಯೂಬಿ ಆಗಿ ಆಡುವಾಗ ಎಸೆಯುವ ಕೈಗೇ ಮ್ಯಾಲೆಟ್ ಫಿಂಗರ್ ಆಯಿತು. ಪಟ್ಟಿ ಕಟ್ಟಿಕೊಂಡೇ ಮುಂದುವರಿದರು, ಆ ಪಂದ್ಯದಲ್ಲಿ ನಾಲ್ಕು ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) ಎಸೆದರು. ಅದೇ ಗಾಯ ಮಾಮೂಲಿ ರಿಸೀವರಿಗೆ ಆಗಿದ್ದರೆ ಟೇಪ್ ಸುತ್ತಿಕೊಂಡು ಸುಧಾರಿಸಬಹುದಿತ್ತು. ಕ್ಯೂಬಿಗೆ ಚೆಂಡಿನ ತಿರುಗು ಬರುವುದೇ ಆ ತುದಿಬೆರಳುಗಳಿಂದ.

ನಾನಾದರೆ ಹೀಗೆ ಶುರು ಮಾಡಿಸ್ತೀನಿ. ಮೊದಲ ವಾರ ರೂಟ್ ಇಲ್ಲ, ಕ್ಯಾಚ್ ಮಾತ್ರ. ಹತ್ತು ಯಾರ್ಡಿನಿಂದ ಮೃದುವಾದ ಎಸೆತ, ದಿನಕ್ಕೆ 50, ಅರ್ಧ ಎತ್ತರದ್ದು, ಅರ್ಧ ತಗ್ಗಿನದು, ಗ್ಲವ್ಸ್ ಹಾಕಿಕೊಂಡು. ಚೆಂಡು ಎಸೆಯುವ ಜಗ್ಸ್ ಮಷಿನ್ ಮುಂದೆ ನಿಲ್ಲಿಸುವುದು ಆಮೇಲೆ, ಅದೂ ವೇಗ ತಗ್ಗಿಸಿ. ಎರಡನೇ ವಾರ ಹಿಚ್, ಔಟ್, ಸ್ಟಿಕ್ ಥರದ ಐದಾರು ಯಾರ್ಡಿನ ರೂಟ್. ಮೂರನೇ ವಾರ ಸ್ಲ್ಯಾಂಟ್ ಮತ್ತು ಕ್ರಾಸರ್ (ಓರೆಯಾಗಿ, ಅಡ್ಡಲಾಗಿ ಓಡುವವು), ರಕ್ಷಕರಿಲ್ಲದೆ. ಗೋ, ಪೋಸ್ಟ್, ಕಾರ್ನರ್ ಥರದ ಉದ್ದದ ರೂಟ್ ಎಲ್ಲಕ್ಕಿಂತ ಕೊನೆಗೆ. ಅವನ್ನೂ ಒಂದು ಅಭ್ಯಾಸಕ್ಕೆ ಆರಕ್ಕಿಂತ ಹೆಚ್ಚು ಬೇಡ, ಎರಡು ಒಟ್ಟೊಟ್ಟಿಗೆ ಬೇಡ. ಡೈವ್ ಮಾಡಿ ಹಿಡಿಯುವುದು ಅಭ್ಯಾಸದಲ್ಲಿ ಪೂರ್ತಿ ನಿಷೇಧ. ಭುಜದ ತುದಿಯ ಎಸಿ ಕೀಲು ನೆಲಕ್ಕೆ ಬಡಿದರೆ ಎಸೆತ ವಾರಗಟ್ಟಲೆ ಹೋಯಿತು.

ಇನ್ನೊಂದನ್ನು ಬಹಳ ಕೋಚ್‌ಗಳು ಮರೆಯುತ್ತಾರೆ. ಕ್ಯೂಬಿ ಅಭ್ಯಾಸದಲ್ಲಿ ಹಾಕುವುದು ಬೇರೆ ಬಣ್ಣದ ಜರ್ಸಿ, ಅವನನ್ನು ಯಾರೂ ಹೊಡೆಯುವ ಹಾಗಿಲ್ಲ. ರಿಸೀವರ್ ಸಾಲಿಗೆ ಬಂದಾಗ ಆ ಜರ್ಸಿ ಇರಬೇಕೋ ಬೇಡವೋ? ಇದ್ದರೆ ಕಾರ್ನರ್‌ಬ್ಯಾಕ್ (ರಿಸೀವರನ್ನು ತಡೆಯುವ ರಕ್ಷಕ) ಹಿಂಜರಿಯುತ್ತಾನೆ, ಕೊನೆ ಗಳಿಗೆಯಲ್ಲಿ ತಪ್ಪಿಸಲು ಹೋಗಿ ಕಾಲಿಗೆ ಕಾಲು ಸಿಕ್ಕಿಸುತ್ತಾನೆ. ಇಲ್ಲದಿದ್ದರೆ ಪೂರ್ತಿ ಹೊಡೆತ. ಯಾವುದಾದರೂ ಒಂದು ಅಂತ ಅಭ್ಯಾಸಕ್ಕೆ ಮುಂಚೆ ಎಲ್ಲರಿಗೂ ಕೇಳುವಂತೆ ಹೇಳಿಬಿಡಬೇಕು. ಬ್ಲಾಕಿಂಗ್ (ಎದುರಾಳಿಯನ್ನು ಮೈಯೊಡ್ಡಿ ತಡೆಯುವುದು) ಕೂಡ ಹಾಗೇ. ಸ್ಲಾಟ್ ರಿಸೀವರ್ ಓಟದ ಆಟದಲ್ಲಿ ಬ್ಲಾಕ್ ಮಾಡಲೇಬೇಕು. ಎಸೆಯುವ ಕೈ ಚಾಚಿ ತಳ್ಳಿದರೆ ಹೆಬ್ಬೆರಳು ಹಿಂದಕ್ಕೆ ಮಡಚಿ ಬುಡದ ಲಿಗಮೆಂಟ್ ಹರಿಯುತ್ತೆ. ಮೊದಲು ಬ್ಯಾಗಿನ ಮೇಲೆ ಕಲಿಸಿ.

ನಾಲ್ಕನೇ_ಡೌನ್

ಮೂರನೇ ಪ್ರಶ್ನೆಗೆ, ಅಂದರೆ ಮತ್ತೆ ಕಳಿಸಬೇಕೇ ಅನ್ನೋದಕ್ಕೆ, ನನ್ನ ಉತ್ತರ ತಂಡದಲ್ಲಿ ಮೂರನೇ ಕ್ಯೂಬಿ ಇದ್ದಾನೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ಎರಡನೆಯವನನ್ನು ಬೇರೆ ಜಾಗಕ್ಕೆ ಹಾಕಿದರೆ ನಷ್ಟ ಎರಡು ಥರ. ಒಂದು, ಅವನಿಗೇ ಗಾಯವಾಗುವುದು. ಇನ್ನೊಂದು, ಗಾಯ ಆಗದಿದ್ದರೂ ಕ್ಯೂಬಿ ಅಭ್ಯಾಸ ತಪ್ಪಿ ಅವನು ತುಕ್ಕು ಹಿಡಿಯುವುದು. ಮಿಶಿಗನ್ ವಿಶ್ವವಿದ್ಯಾಲಯದ 2012ರ ತಂಡ ನೋಡಿ. ಕ್ಯೂಬಿಯಾಗಿ ಸೇರಿದ್ದ ಡೆವಿನ್ ಗಾರ್ಡ್ನರ್‌ರನ್ನು ಆ ವರ್ಷ ರಿಸೀವರ್ ಮಾಡಿದ್ದರು. ಅಕ್ಟೋಬರ್ 27ರಂದು ನೆಬ್ರಾಸ್ಕಾದಲ್ಲಿ ಮೊದಲ ಕ್ಯೂಬಿ ಡೆನಾರ್ಡ್ ರಾಬಿನ್ಸನ್‌ಗೆ ಮೊಣಕೈಯ ನರಕ್ಕೆ ಪೆಟ್ಟಾಯಿತು. ಗಾರ್ಡ್ನರ್ ಮೈದಾನದಲ್ಲೇ ಇದ್ದರೂ ಕ್ಯೂಬಿ ಜಾಗಕ್ಕೆ ಇಳಿದದ್ದು ಅನುಭವ ಕಡಿಮೆ ಇದ್ದ ರಸೆಲ್ ಬೆಲೊಮಿ. ಮಿಶಿಗನ್ 23-9ರಿಂದ ಸೋತಿತು. ಮುಂದಿನ ಒಂದು ವಾರ ಗಾರ್ಡ್ನರ್ ಕ್ಯೂಬಿ ಅಭ್ಯಾಸ ಮಾಡಿ ಮಿನೆಸೋಟ ಎದುರು ಇಳಿದರು, 35-13ರ ಗೆಲುವು. ಅದೇ ಮನುಷ್ಯ, ನಡುವೆ ಇದ್ದದ್ದು ಒಂದು ವಾರದ ಅಭ್ಯಾಸ.

2020ರ ನವೆಂಬರಿನಲ್ಲಿ ಡೆನ್ವರ್ ಬ್ರಾಂಕೋಸ್‌ಗೆ ಆದದ್ದು ಇನ್ನೂ ಕಟು. ಕೋವಿಡ್ ನಿಯಮದಿಂದ ಕ್ಯೂಬಿಗಳೆಲ್ಲ ಹೊರಗೆ. ಪ್ರಾಕ್ಟೀಸ್ ಸ್ಕ್ವಾಡಿನ (ಅಭ್ಯಾಸಕ್ಕೆ ಇಟ್ಟುಕೊಂಡ ಮೀಸಲು ಗುಂಪು) ರಿಸೀವರ್ ಕೆಂಡಲ್ ಹಿಂಟನ್ ಕಾಲೇಜಿನಲ್ಲಿ ಕ್ಯೂಬಿ ಆಗಿದ್ದರು ಅಂತ ಅವರನ್ನೇ ಸೇಂಟ್ಸ್ ಎದುರು ಇಳಿಸಿದರು. ಒಂಬತ್ತು ಎಸೆತದಲ್ಲಿ ಒಂದೇ ಒಂದು ಕೈಸೇರಿತು, 13 ಯಾರ್ಡ್, ಎರಡು ಇಂಟರ್‌ಸೆಪ್ಷನ್, 31-3 ಸೋಲು. ಅವರನ್ನು ದೂರುವ ಹಾಗೇ ಇಲ್ಲ, ಹಿಂದಿನ ದಿನದವರೆಗೆ ರಿಸೀವರ್ ಆಗಿದ್ದವರು ಅಷ್ಟು ಧೈರ್ಯ ಮಾಡಿದ್ದೇ ದೊಡ್ಡದು.

ಎನ್‌ಎಫ್‌ಎಲ್ ಈಗ ಎಚ್ಚೆತ್ತಿದೆ. 2023ರ ಜನವರಿ 29ರ ಎನ್‌ಎಫ್‌ಸಿ ಫೈನಲ್‌ನಲ್ಲಿ (ಸೂಪರ್ ಬೌಲ್‌ಗೆ ಮುಂಚಿನ ಪಂದ್ಯ) ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್‌ನ ಕ್ಯೂಬಿ ಬ್ರಾಕ್ ಪರ್ಡಿಗೆ ಮೊಣಕೈ ಹೋಯಿತು, ಬದಲಿಗೆ ಬಂದ ಜಾಶ್ ಜಾನ್ಸನ್‌ಗೆ ತಲೆಗೆ ಪೆಟ್ಟಾಯಿತು, ಎಸೆಯೋಕೇ ಆಗದ ಪರ್ಡಿ ಮತ್ತೆ ಇಳಿಯಬೇಕಾಯಿತು. ಫಿಲಡೆಲ್ಫಿಯಾಕ್ಕೆ 31-7 ಗೆಲುವು. ಅದೇ ವರ್ಷ ಮೂರನೇ ತುರ್ತು ಕ್ಯೂಬಿಯ ನಿಯಮ ವಾಪಸ್ ಬಂತು. ಮೊದಲ ಇಬ್ಬರೂ ಗಾಯದಿಂದಲೋ ಉಚ್ಚಾಟನೆಯಿಂದಲೋ ಹೊರಹೋದರೆ ಮಾತ್ರ ಅವನು ಇಳಿಯಬಹುದು, ಚೆನ್ನಾಗಿ ಆಡ್ತಿಲ್ಲ ಅಂತ ಬದಲಿಸುವಂತಿಲ್ಲ.

ಹಾಗಂತ ಜಾಗ ಬದಲಿಸುವುದೇ ತಪ್ಪು ಅನ್ನಲ್ಲ. ಜೂಲಿಯನ್ ಎಡಲ್‌ಮನ್ ಕೆಂಟ್ ಸ್ಟೇಟ್‌ನಲ್ಲಿ ಕ್ಯೂಬಿ, 2009ರ ಡ್ರಾಫ್ಟಿನಲ್ಲಿ (ಎನ್‌ಎಫ್‌ಎಲ್ ತಂಡಗಳು ಹೊಸ ಆಟಗಾರರನ್ನು ಆರಿಸುವ ಸರದಿ) 232ನೆಯವರಾಗಿ ಪೇಟ್ರಿಯಟ್ಸ್‌ಗೆ ಹೋಗಿ ರಿಸೀವರ್ ಆದರು. ಸಾವಿರ ಯಾರ್ಡ್ ಮುಟ್ಟಿದ ಮೊದಲ ವರ್ಷ 2013. ನಾಲ್ಕು ವರ್ಷ ಹಿಡಿದ ಕೆಲಸ ಅದು, ಅದೂ ಕ್ಯೂಬಿ ಕೆಲಸ ಪೂರ್ತಿ ಬಿಟ್ಟು. ಎರಡೂ ಕಡೆ ಕಾಲಿಟ್ಟು ಮೂರು ದಿನದಲ್ಲಿ ಗೋ ರೂಟ್ ಓಡಿಸುವುದು ಬೇರೆಯೇ ಮಾತು.

ಪ್ಲೇನೊ_ತಂದೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಿರಸಿಯವರೇ, ಕೂರುವ ಮೂಳೆಯ ಹತ್ತಿರವೂ ಸ್ವಲ್ಪ ನೋವಿದೆ ಅಂದ, ಅದಕ್ಕೆ ಎಕ್ಸ್‌ರೇ ಮಾಡಿಸಿದೆವು. ಮೂಳೆ ಸರಿಯಾಗಿದೆ, ಸ್ನಾಯುವಿನದೇ ತೊಂದರೆ ಅಂದರು ಡಾಕ್ಟರು. ಮೂರನೇ ಕ್ಯೂಬಿ ಅಂದರೆ ಜೆವಿ (ಕಿರಿಯರ) ತಂಡದ ಹುಡುಗ, ಇನ್ನೂ ಪ್ಲೇಬುಕ್ (ತಂಡದ ಆಟಗಳ ಪಟ್ಟಿ) ಪೂರ್ತಿ ಗೊತ್ತಿಲ್ಲ. ಕೋಚ್ ಒಳ್ಳೆಯವರು, ಮಾತು ಕೇಳ್ತಾರೆ. ವಾಸಿಯಾದ ಮೇಲೆ ಎರಡೂ ಕೆಲಸ ಒಂದೇ ವಾರದಲ್ಲಿ ಹೊಂದಿಸುವುದಾದರೆ ಹೇಗೆ ಹೊಂದಿಸಬೇಕು? ಪಂದ್ಯ ಶುಕ್ರವಾರ ರಾತ್ರಿ.

ಸ್ಲಾಟ್_ಕೋಚ್

ಮೂಳೆ ಸರಿ ಇದೆ ಅಂದದ್ದು ಕೇಳಿ ಸಮಾಧಾನ ಆಯಿತು. ವಾರದಲ್ಲಿ ಕ್ಯೂಬಿ ಕೆಲಸ ಮೊದಲು. ಪ್ರತಿದಿನ ಎಸೆತ ಮುಗಿಸಿ ಆಮೇಲೆ ರೂಟ್ ಓಡಲಿ. ಕಾಲು ಸುಸ್ತಾದ ಮೇಲೆ ಎಸೆದರೆ ಚೆಂಡು ಮೇಲೆ ಮೇಲೆ ಹೋಗುತ್ತೆ, ಅದನ್ನು ಸರಿಮಾಡಲು ಹುಡುಗ ಭುಜ ಹಿಂಡುತ್ತಾನೆ.

ಟ್ರೇನರ್_ಶಿರಸಿ

ಇಲ್ಲಿ ನನ್ನ ಅಭಿಪ್ರಾಯ ಬೇರೆ ಸರ್. ಈಗಷ್ಟೇ ವಾಸಿಯಾದ ಹ್ಯಾಮ್‌ಸ್ಟ್ರಿಂಗ್‌ನಿಂದ ಪೂರ್ತಿ ವೇಗದ ಓಟವನ್ನು ಅಭ್ಯಾಸದ ಕೊನೆಗೆ, ಸುಸ್ತಾದಾಗ ಓಡಿಸಿದರೆ ಮತ್ತೆ ಹಿಡಿದುಕೊಳ್ಳುತ್ತೆ. ಒಮ್ಮೆ ಹರಿದ ಜಾಗ ಮತ್ತೆ ಹರಿಯುವುದು ಹೆಚ್ಚಾಗಿ ವಾಪಸಾದ ಮೊದಲ ಕೆಲವು ವಾರಗಳಲ್ಲೇ, ಎರಡನೇ ಸಲ ಆದದ್ದು ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತೆ. ವೇಗದ ಓಟ ವಾರ್ಮ್‌ಅಪ್ ಆದ ಕೂಡಲೇ, ಕಾಲು ತಾಜಾ ಇರುವಾಗಲೇ ಮುಗಿಯಬೇಕು.

ನೀವು ಹೇಳಿದ ಭುಜದ ಮಾತೂ ನಿಜವೇ. ಹಾಗಾಗಿ ಎರಡನ್ನೂ ಒಂದೇ ದಿನ ತುರುಕದೆ ದಿನ ಹಂಚುವುದೇ ಒಳ್ಳೆಯದು. ಸೋಮವಾರ ಹಗುರ ಓಟ, ಮಂಡಿಯೂರಿ ಒಂದಿಷ್ಟು ಎಸೆತ, ವಿಡಿಯೋ. ಮಂಗಳವಾರ ರಿಸೀವರ್ ದಿನ: ವಾರ್ಮ್‌ಅಪ್ ಆಗುತ್ತಿದ್ದಂತೆ ಉದ್ದದ ರೂಟ್ ನಾಲ್ಕರಿಂದ ಆರು, ಆಮೇಲೆ ಚಿಕ್ಕ ರೂಟ್, ಎಸೆತ 20ಕ್ಕಿಂತ ಕಡಿಮೆ. ಬುಧವಾರ ಕ್ಯೂಬಿ ದಿನ: ಎದುರಾಳಿಯ ಆಟ ಅನುಕರಿಸುವ ಸ್ಕೌಟ್ ತಂಡಕ್ಕೆ ಇವನೇ ಕ್ಯೂಬಿ, ಜೊತೆಗೆ ನಮ್ಮ ಪ್ಲೇಬುಕ್‌ನಿಂದ ಮೊದಲ ತಂಡದ ಜೊತೆ ಕೆಲವು ಆಟ. ಗುರುವಾರ ಹೆಲ್ಮೆಟ್ ಮಾತ್ರ ಹಾಕಿ ನಡೆದಾಡುವ ಅಭ್ಯಾಸ. ಪೂರ್ತಿ ವೇಗದ ಎರಡು ದಿನಗಳ ನಡುವೆ 48 ಗಂಟೆ ಬಿಡುವು ಇರಲೇಬೇಕು. ಈ ಜೋಡಣೆಯಲ್ಲಿ ಮಂಗಳವಾರದಿಂದ ಶುಕ್ರವಾರಕ್ಕೆ ಅದಕ್ಕಿಂತ ಹೆಚ್ಚೇ ಸಿಗುತ್ತೆ.

ಸ್ಲಾಟ್_ಕೋಚ್

ಒಪ್ಪಿದೆ. ದಿನ ಹಂಚಿದರೆ ನನ್ನ ತಕರಾರು ಉಳಿಯಲ್ಲ. ಮಂಗಳವಾರ ಜರ್ಸಿಯ ಬಣ್ಣ ಬದಲಿಸೋಕೂ ಸುಲಭ, ಅವತ್ತು ಅವನು ರಿಸೀವರ್ ಅಂತ ಎಲ್ಲರಿಗೂ ಗೊತ್ತಿರುತ್ತೆ. ಟೆಕ್ಸಾಸ್‌ನಲ್ಲಿ ಸೀಸನ್ ನಡೆಯುವಾಗ ಒಬ್ಬ ಹುಡುಗನಿಗೆ ವಾರಕ್ಕೆ ಪೂರ್ತಿ ಹೊಡೆದಾಟದ ಅಭ್ಯಾಸ 90 ನಿಮಿಷ ದಾಟಬಾರದು ಅಂತ ಯುಐಎಲ್ (ರಾಜ್ಯದ ಶಾಲಾ ಕ್ರೀಡಾ ಸಂಸ್ಥೆ) ನಿಯಮ ಇದೆ. ಕ್ಯೂಬಿಗಳಿಗೆ ಅದರ ಲೆಕ್ಕ ಇಡುವ ರೂಢಿಯೇ ಇರಲ್ಲ, ಅವರನ್ನು ಯಾರೂ ಹೊಡೆಯಲ್ಲವಲ್ಲ. ಇವನು ರಿಸೀವರ್ ಆದ ದಿನದಿಂದ ಇವನ ಹೆಸರೂ ಆ ಲೆಕ್ಕಕ್ಕೆ ಬರಬೇಕು ಅಂತ ಕೋಚಿಗೆ ನೆನಪಿಸಿ.

ನಾಲ್ಕನೇ_ಡೌನ್

ಎರಡು ಮಾತು ಸೇರಿಸ್ತೀನಿ.

ಜೆವಿ ಹುಡುಗನಿಗೆ ಪ್ಲೇಬುಕ್ ಪೂರ್ತಿ ಬೇಕಿಲ್ಲ. ಎರಡು ಓಟದ ಆಟ, ಒಂದು ಬೂಟ್‌ಲೆಗ್ (ಚೆಂಡು ಕೊಟ್ಟಂತೆ ನಟಿಸಿ ಕ್ಯೂಬಿ ಬದಿಗೆ ಓಡುವುದು), ಒಂದು ಸ್ಕ್ರೀನ್ (ತಡೆಗಾರರ ಹಿಂದೆ ಕೊಡುವ ಚಿಕ್ಕ ಪಾಸ್), ಮೂರು ಚಿಕ್ಕ ಪಾಸ್, ಚೆಂಡು ನೆಲಕ್ಕೆ ಬಡಿದು ಗಡಿಯಾರ ನಿಲ್ಲಿಸುವ ಸ್ಪೈಕ್, ಕೊನೆಗೆ ಮಂಡಿಯೂರುವ ಆಟ. ಇಷ್ಟನ್ನು ಮಣಿಕಟ್ಟಿನ ಪಟ್ಟಿಯಲ್ಲಿ ಬರೆದು ಕೊಟ್ಟು, ವಾರ್ಸಿಟಿ ಸೆಂಟರ್ ಜೊತೆ ದಿನಾ 15 ಸ್ನ್ಯಾಪ್ ತೆಗೆದುಕೊಳ್ಳಲಿ. ತುರ್ತಿನಲ್ಲಿ ಮೊದಲು ಕೈಕೊಡುವುದು ಪಾಸ್ ಅಲ್ಲ, ಸ್ನ್ಯಾಪ್. ಹೊಸ ಜೋಡಿ ಚೆಂಡು ಬೀಳಿಸುತ್ತೆ. ಈ ಹುಡುಗ ಸಿದ್ಧವಾಗುವವರೆಗೆ ನಿಮ್ಮ ಮಗನನ್ನು ಪಂದ್ಯದಲ್ಲಿ ರಿಸೀವರ್ ಆಗಿ ಇಳಿಸುವುದು ಬೇಡ ಅಂತ ಕೇಳಿಕೊಳ್ಳಿ. ಕೋಚ್ ಕೂಡ ಬೇಡ ಅನ್ನಲಾರರು, ಮೊದಲನೆಯವನಿಗೆ ಏನಾದರೂ ಆದರೆ ಅವರ ಬಳಿ ಉಳಿಯುವುದು ಇವನೊಬ್ಬನೇ.

ಎರಡನೆಯದು, ಬದಿಯಲ್ಲಿ ನಿಲ್ಲೋದು ಬೇಡ ಅನ್ನುವುದಕ್ಕೆ ರಿಸೀವರ್ ಕೆಲಸವೇ ಬೇಕಿಲ್ಲ. ಫೀಲ್ಡ್ ಗೋಲ್‌ಗೆ ಚೆಂಡು ಹಿಡಿದು ನಿಲ್ಲಿಸುವ ಹೋಲ್ಡರ್ ಕೆಲಸ ಹಿಂದಿನಿಂದಲೂ ಎರಡನೇ ಕ್ಯೂಬಿಗೆ ಹೇಳಿ ಮಾಡಿಸಿದ್ದು. ಸೆಂಟರಿನಿಂದ ಏಳು ಯಾರ್ಡ್ ಹಿಂದೆ ಮಂಡಿಯೂರಿ, ಸ್ನ್ಯಾಪ್ ಹಿಡಿದು, ಗುರುತಿನ ಮೇಲೆ ಇಟ್ಟು, ಚೆಂಡಿನ ಮೇಲಿನ ಹೊಲಿಗೆ (ಲೇಸ್) ಗೋಲ್ ಕಂಬದ ಕಡೆ ತಿರುಗಿಸಬೇಕು. ಸ್ನ್ಯಾಪಿನಿಂದ ಒದೆತದವರೆಗೆ ಎಲ್ಲ ಸೇರಿ ಸುಮಾರು 1.3 ಸೆಕೆಂಡ್. ಸ್ನ್ಯಾಪ್ ಕೆಟ್ಟರೆ ಚೆಂಡು ಎತ್ತಿಕೊಂಡು ಓಡಿ ಎಸೆಯಬಲ್ಲವನು ಅಲ್ಲಿ ಇದ್ದರೆ ತಂಡಕ್ಕೇ ಲಾಭ. ಆ ಓಟಕ್ಕಾಗಿಯೇ 70 ಪರ್ಸೆಂಟ್ ಹಂತ ದಾಟುವವರೆಗೆ ಪಂದ್ಯದಲ್ಲಿ ಬೇಡ. ಅಭ್ಯಾಸದಲ್ಲಿ ಮಾತ್ರ ಮಂಡಿಯೂರಿ ಎಸೆಯಲು ಶುರು ಮಾಡಿದ ದಿನದಿಂದಲೇ ಸ್ನ್ಯಾಪರ್ ಜೊತೆ ಹಿಡಿಯೋಕೆ ಕೂರಿಸಬಹುದು.

ಟ್ರೇನರ್_ಶಿರಸಿ

ಹೋಲ್ಡರ್ ಕೆಲಸಕ್ಕೆ ನನ್ನದೂ ಒಪ್ಪಿಗೆ. ಒಂದೇ ಎಚ್ಚರಿಕೆ: ಮೊದಲ ದಿನಗಳಲ್ಲಿ ಬಹಳ ಹೊತ್ತು ಮಂಡಿಯೂರಿ ಕೂತರೆ ತೊಡೆಯ ಹಿಂದೆ ಸೆಳೆತ ಬರಬಹುದು. ಐದು ಸ್ನ್ಯಾಪ್ ಆದ ಮೇಲೆ ಎದ್ದು ಒಂದು ನಿಮಿಷ ನಡೆಯಲಿ. ಮೊದಲು 60 ಪರ್ಸೆಂಟ್ ಓಟ ಓಡಿದ ಮಾರನೆಯ ಬೆಳಗ್ಗೆ ಹೇಗಿತ್ತು ಅಂತ ಇಲ್ಲಿ ಬರೆಯಿರಿ, ಮುಂದಿನ ಹಂತ ಅದನ್ನು ನೋಡಿ ಹೇಳ್ತೀನಿ.